ಆರುನೂರ ಇಪ್ಪತ್ತು ಗ್ರಾಂ

ತೂಕದಣ್ಣ ಎಂಬ ಅಡ್ಡಹೆಸರು ಕೇಳಿ, ಆಳು ದಢೂತಿ ಇರಬೇಕು ಎಂದುಕೊಂಡು ನೋಡಲು ಹೋದವರಿಗೆ ನಿರಾಸೆಯಾಗುತ್ತಿತ್ತು. ಗಾಳಿ ಜೋರಾಗಿ ಬೀಸಿದರೆ ಕಂಬ ಹಿಡಿದು ನಿಲ್ಲಬೇಕಾದಂಥ ಕಡ್ಡಿ ಪೈಲ್ವಾನ ಅವನು. ಸೇನೆಯ ವಿಮಾನಗಳನ್ನು ರಿಪೇರಿ ಮಾಡುವ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ಅವನು ಮಾಡಿದ್ದು ಒಂದೇ ಕೆಲಸ, ವಿಮಾನಗಳನ್ನು ತೂಗುವುದು. ನಿವೃತ್ತಿಯ ದಿನ ಎಲ್ಲರೂ ಸೇರಿ ಗೋಡೆ ಗಡಿಯಾರ ಕೊಡಲು ಹೊರಟರೆ, "ಗಡಿಯಾರ ಬೇಡ. ಮೂಲೇಲಿ ಬಿದ್ದಿರೋ ಆ ಮುಳ್ಳಿನ ತಕ್ಕಡಿ ಕೊಡಿ, ಸಾಕು" ಎಂದ. ಬಿಡಿಭಾಗಗಳನ್ನು ತೂಗುತ್ತಿದ್ದ ಹಳೆಯ ತಕ್ಕಡಿ ಅದು. ಮೇಲೆ ತಟ್ಟೆ, ಕೆಳಗೆ ಗಾಜಿನ ಹಿಂದೆ ಒಂದು ಕಪ್ಪು ಮುಳ್ಳು.

ಅಂದಿನಿಂದ ಅವನ ಮನೆಯಲ್ಲಿ ತಟ್ಟೆ ಹತ್ತಿ ಇಳಿಯದ ವಸ್ತು ಉಳಿಯಲಿಲ್ಲ. ಬೀಗ, ಚಪ್ಪಲಿ, ಸೋಪು, ಒದ್ದೆ ಟವೆಲ್ಲು, ಅದೇ ಟವೆಲ್ಲು ಒಣಗಿದ ಮೇಲೆ. ಟೈರು ಅಂಗಡಿಯ ಮೇಲಿನ ಎರಡು ಕೋಣೆಯ ಆ ಮನೆಯಲ್ಲಿ ಅವನ ಜೊತೆಗಿದ್ದವಳು ತಂಗಿ ಒಬ್ಬಳೇ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. "ಇನ್ನು ನನ್ನ ತಲೆ ಒಂದು ಬಾಕಿ. ಅದನ್ನೂ ತೂಗಿಬಿಡು, ನೆಮ್ಮದಿಯಾಗಿ ಮಲಗ್ತೀಯ" ಎಂದು ಅವಳು ರೇಗಿದರೆ, "ತೂಗಬಹುದು ಪುಟ್ಟಿ, ಆದ್ರೆ ಬಿಡಿಸಿ ತೆಗೆಯೋದು ಕಷ್ಟ" ಎನ್ನುತ್ತಿದ್ದ. ಮುಳ್ಳು ಆರುನೂರ ಇಪ್ಪತ್ತರ ಮೇಲೆ ನಿಂತಾಗ ಮಾತ್ರ ಅವನ ತಮಾಷೆ ನಿಲ್ಲುತ್ತಿತ್ತು. ಮುಖ ಸಪ್ಪೆಯಾಗುತ್ತಿತ್ತು. ಆ ವಸ್ತುವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಏನೋ ಬರೆದುಕೊಳ್ಳುತ್ತಿದ್ದ. ಅದರಲ್ಲಿ ಇದ್ದದ್ದು ಹನ್ನೊಂದು ವಸ್ತುಗಳ ಪಟ್ಟಿ. ಒಂದು ದೊಡ್ಡ ಸ್ಪ್ಯಾನರು, ಹಿಡಿ ಮುರಿದ ಸುತ್ತಿಗೆ, ಅರ್ಧ ತುಂಬಿದ ಎಣ್ಣೆ ಡಬ್ಬಿ, ತಂಗಿಯ ಹಳೇ ಚಪ್ಪಲಿ ಜೋಡಿ, ಹೀಗೆ. ಎಲ್ಲವೂ ಆರುನೂರ ಇಪ್ಪತ್ತು ಗ್ರಾಂ. ಅವನ ತಲೆಯಲ್ಲಿ ಮೂವತ್ತಮೂರು ವರ್ಷದಿಂದ ಇದ್ದ ಪ್ರಶ್ನೆಯೂ ಅಷ್ಟೇ ತೂಕದ್ದು: ಅವತ್ತು ಆ ವಿಮಾನದೊಳಗೆ ಇದ್ದದ್ದು ಇವುಗಳಲ್ಲಿ ಯಾವುದು?

ಆ ವಿಮಾನದ ಕಥೆ ಹೇಳದೆ ಮುಂದೆ ಹೋಗುವ ಹಾಗಿಲ್ಲ.

ಕಾಗದದ ಮೇಲೆ ಅದಕ್ಕೆ ಎರಡು ಅಕ್ಷರ, ಮೂರು ಅಂಕಿಗಳ ಗತ್ತಿನ ಹೆಸರಿತ್ತು. ಕಾರ್ಖಾನೆಯವರು ಕರೆದದ್ದು 'ಕತ್ತೆ' ಎಂದು. ತೂಕದಣ್ಣ ಕೆಲಸಕ್ಕೆ ಸೇರುವ ಎಂಟು ವರ್ಷ ಮೊದಲು ನಲವತ್ತೆರಡು ಕತ್ತೆಗಳು ಮರದ ಪೆಟ್ಟಿಗೆಗಳಲ್ಲಿ, ರೆಕ್ಕೆ ಬೇರೆ ಮೈ ಬೇರೆಯಾಗಿ ಬಂದವಂತೆ. ಆ ಪೆಟ್ಟಿಗೆಯ ಹಲಗೆಗಳಿಂದ ಮಾಡಿದ ಬೆಂಚುಗಳು ಕಾರ್ಖಾನೆಯ ಊಟದ ಕೋಣೆಯಲ್ಲಿ ಈಗಲೂ ಇವೆ. ಒಂದೇ ಎಂಜಿನ್ನು, ಒಂದರ ಹಿಂದೆ ಒಂದು ಎರಡು ಸೀಟು, ಮಡಚಲು ಬಾರದ ಗಾಲಿಗಳು. ಬೆಳಿಗ್ಗೆ ಏನೂ ಬಾರದ ಹೊಸಬರನ್ನು ಮುಂದೆ ಕೂರಿಸಿಕೊಂಡು ಹಾರಲು ಕಲಿಸುವುದು. ಅವರು ಇಳಿಸುವಾಗ ನೆಲಕ್ಕೆ ಕುಕ್ಕಿದರೂ ಕತ್ತೆ ಮೈಕೊಡವಿ ಎದ್ದು ನಿಲ್ಲುತ್ತಿತ್ತು. ಮಧ್ಯಾಹ್ನ ಹಿಂದಿನ ಸೀಟು ಬಿಚ್ಚಿ ಎಸೆದರೆ ಟಪಾಲಿನ ಮೂಟೆ, ಔಷಧಿ, ಇಲ್ಲವೆ ಒಬ್ಬ ಗಾಯಾಳುವನ್ನು ಮಲಗಿಸಿದ ಸ್ಟ್ರೆಚರು ಅಲ್ಲಿ ಹಿಡಿಸುತ್ತಿತ್ತು. ವಾರಕ್ಕೊಮ್ಮೆ ಬಾಲಕ್ಕೆ ಹಗ್ಗ ಕಟ್ಟಿ ಉದ್ದನೆಯ ಬಟ್ಟೆ ಎಳೆದುಕೊಂಡು ಹೋಗಬೇಕು, ಕೆಳಗಿನಿಂದ ಗುಂಡು ಹೊಡೆಯುವವರು ಆ ಬಟ್ಟೆಗೆ ಗುರಿ ಇಟ್ಟು ಕಲಿಯಬೇಕು. ಹೊಡೆಯುವವರೂ ಹೊಸಬರೇ ಆದ್ದರಿಂದ ಎಳೆಯುವ ಕತ್ತೆಗೆ ದೇವರೇ ಗತಿ. ಇಷ್ಟೆಲ್ಲ ಚಾಕರಿ ಮಾಡಿದ್ದಕ್ಕೆ ಅದಕ್ಕೆ ಸಿಕ್ಕ ಮರ್ಯಾದೆಯೂ ಅಷ್ಟಕ್ಕಷ್ಟೇ. ದೊಡ್ಡ ವಿಮಾನ ಓಡಿಸಲು ಹೋದವರು ಯಾರೂ ಹಿಂದಿರುಗಿ ಕತ್ತೆಯನ್ನು ನೆನೆಸಲಿಲ್ಲ.

ವಯಸ್ಸಾದಂತೆ ವಿಮಾನಕ್ಕೂ ಬೊಜ್ಜು ಬರುತ್ತದೆ. ಬಣ್ಣದ ಮೇಲೆ ಬಣ್ಣ, ತೇಪೆಯ ಮೇಲೆ ತೇಪೆ, ಹೊಸ ರೇಡಿಯೊ, ಮೂಲೆಗಳಲ್ಲಿ ಸೇರಿಕೊಂಡ ಮಣ್ಣು, ಒಂದೊಂದು ಸಲ ಬಾಲದೊಳಗೆ ಹಕ್ಕಿಯ ಗೂಡು. ಅದಕ್ಕೇ ದೊಡ್ಡ ರಿಪೇರಿ ಆದಾಗಲೆಲ್ಲ ತೂಗಬೇಕು. ತೂಕ ತಪ್ಪಿದರೆ ಮುಂಭಾರ ಹಿಂಭಾರ ತಪ್ಪುತ್ತದೆ, ಅದು ತಪ್ಪಿದರೆ ಮೇಲೆ ಹೋದವರ ಗತಿ ಕೇಳುವುದು ಬೇಡ. ಪೆಟ್ರೋಲು ಪೂರ್ತಿ ಬಸಿದು, ಮೂರು ತಕ್ಕಡಿಗಳ ಮೇಲೆ ವಿಮಾನ ಏರಿಸಿ, ಬಾಲ ಎತ್ತಿ ನೆಲಕ್ಕೆ ಸಮವಾಗಿ ನಿಲ್ಲಿಸಿ, ಶೆಡ್ಡಿನ ಬಾಗಿಲುಗಳನ್ನೆಲ್ಲ ಮುಚ್ಚುತ್ತಿದ್ದರು. ಸಣ್ಣ ಗಾಳಿ ನುಗ್ಗಿದರೂ ರೆಕ್ಕೆ ತನ್ನಷ್ಟಕ್ಕೆ ಮೇಲೇಳಲು ನೋಡುತ್ತದೆ, ಓದಿದ ಅಂಕಿ ಸುಳ್ಳಾಗುತ್ತದೆ. ಹಾಗಾಗಿ ತೂಗುವ ಹೊತ್ತಿನಲ್ಲಿ ಶೆಡ್ಡಿನೊಳಗೆ ಉಸಿರಾಟವೂ ಕೇಳಿಸುವಷ್ಟು ನಿಶ್ಶಬ್ದ. ಈ ಕೆಲಸವನ್ನು ತೂಕದಣ್ಣನಿಗೆ ಕಲಿಸಿದ್ದು ಹಿರಿಯ ಮೇಸ್ತ್ರಿ, ಬಾಯಲ್ಲಿ ಎರಡೇ ಹಲ್ಲಿದ್ದರೂ ಮಾತಿಗೆ ಹರಿತ ಕಡಿಮೆಯಿಲ್ಲದ ಮುದುಕ.

ಲೆಕ್ಕದ ಪ್ರಕಾರ ಇರಬೇಕಾದ ತೂಕಕ್ಕೂ ತಕ್ಕಡಿ ಹೇಳಿದ ತೂಕಕ್ಕೂ ಒಂದು ಕಿಲೋದೊಳಗೆ ವ್ಯತ್ಯಾಸ ಬಂದರೆ 'ಬಣ್ಣ, ಧೂಳು' ಎಂಬ ಕಾಲಮ್ಮಿನಲ್ಲಿ ಬರೆದು ಮುಗಿಸಬಹುದೆಂದು ನಿಯಮವಿತ್ತು. ಮೇಸ್ತ್ರಿಗೆ ಆ ಕಾಲಮ್ಮು ಕಂಡರೆ ಆಗುತ್ತಿರಲಿಲ್ಲ. "ಇದು ಸೋಮಾರಿಗಳಿಗೆ ಸರಕಾರ ಹಾಕಿಕೊಟ್ಟಿರೋ ಹಾಸಿಗೆ ಕಣೋ" ಎನ್ನುತ್ತಿದ್ದ. ಒಮ್ಮೆ ಮುನ್ನೂರ ನಲವತ್ತು ಗ್ರಾಂ ಹೆಚ್ಚು ಬಂದಾಗ ಸಂಜೆಯ ಸೈರನ್ನು ಕೂಗಿದರೂ ಮನೆಗೆ ಹೋಗದೆ, ಗೆಣ್ಣಿನಿಂದ ಮೈಯೆಲ್ಲ ತಟ್ಟಿ ನೋಡಿ, ಬಾಲದ ಒಳಗಿನಿಂದ ಎಣ್ಣೆ ಹೀರಿದ ಒಂದು ಬಟ್ಟೆಮುದ್ದೆ ಎಳೆದು ತೆಗೆದಿದ್ದ. ಅದನ್ನು ತೂಗಿ, ಮುನ್ನೂರ ನಲವತ್ತು ಎಂದು ತೋರಿಸಿದ ಮೇಲೇ ಅವನ ಮುಖ ಅರಳಿದ್ದು. "ಕಾರಣ ಸಿಗದೆ ಅಂಕಿ ಬರೀಬೇಡ" ಎಂಬುದು ಅವನು ಕಲಿಸಿದ ಪಾಠ. ಅದನ್ನು ಕಲಿಸಿ ನಿವೃತ್ತನಾಗಿ ಹೋದ.

ಅವನು ಹೋಗಿ ಎರಡು ತಿಂಗಳಿಗೆ ಒಂಬತ್ತನೇ ನಂಬರಿನ ಕತ್ತೆ ರಿಪೇರಿ ಮುಗಿಸಿಕೊಂಡು ತಕ್ಕಡಿಗೆ ಬಂತು. ತೂಕದಣ್ಣನಿಗೆ ಆಗ ಮೂವತ್ತು ವರ್ಷ. ಮೇಸ್ತ್ರಿಯ ಕುರ್ಚಿಯಲ್ಲಿ ಒಬ್ಬನೇ ಕೂತು ಮಾಡಿದ ಮೊದಮೊದಲ ಕೆಲಸ. ಒಂಬತ್ತು ಅವನ ಭಾವಮೈದನ ವಿಮಾನ. ತಂಗಿಯ ಗಂಡ ಹಾರಾಟ ಕಲಿಸುವ ಮೇಷ್ಟ್ರು. ಮದುವೆಯಾಗಿ ಎಂಟು ತಿಂಗಳಾಗಿತ್ತು. ಆಸಾಮಿ ನಗುಮುಖದವನು, ಆದರೆ ಎತ್ತರ ಮಾತ್ರ ಭಗವಂತ ಕೈ ಬಿಗಿಹಿಡಿದು ಕೊಟ್ಟದ್ದು. ಹಿಂದಿನ ಸೀಟಿನಲ್ಲಿ ಕೂತರೆ ಮುಂದಿನ ಶಿಷ್ಯನ ತಲೆಯೇ ಕಾಣುವುದು, ರನ್‌ವೇ ಕಾಣದು. "ಮೇಷ್ಟ್ರು ವಿಮಾನದಲ್ಲಿದಾರಾ, ಇಲ್ಲ ಬರೀ ಟೋಪಿ ಹೋಗ್ತಿದೆಯಾ?" ಎಂದು ಜೊತೆಯವರು ಕಾಡುತ್ತಿದ್ದರು. ಅವನು ಎಲ್ಲರ ಜೊತೆ ನಗುತ್ತಿದ್ದ. ಒಳಗೊಳಗೇ ನೋಯುತ್ತಿದ್ದನೆಂದು ಹೆಂಡತಿಗೆ ಮಾತ್ರ ಗೊತ್ತಿತ್ತು.

ಆ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲೇ ಅವನು ಶೆಡ್ಡಿಗೆ ಬಂದು ತನ್ನ ವಿಮಾನದೊಳಗೆ ಕೂತು ಇಳಿದಿದ್ದ. ತೂಗುವಾಗಲೂ ಗೋಡೆಗೊರಗಿ ನಿಂತಿದ್ದ. ಮೂರು ತಕ್ಕಡಿ ಓದಿ, ಕೂಡಿ, ಕಳೆದು ನೋಡಿದರೆ ಆರುನೂರ ಇಪ್ಪತ್ತು ಗ್ರಾಂ ಹೆಚ್ಚು. ತೂಕದಣ್ಣ ಮತ್ತೊಮ್ಮೆ ಓದಿದ. ಅಷ್ಟೇ. ಸೀಟುಗಳ ಮೇಲೆ ಕಣ್ಣಾಡಿಸಿದ, ನೆಲದ ಹಲಗೆ ತಟ್ಟಿದ, ಬಾಲದೊಳಗೆ ಟಾರ್ಚು ಬಿಟ್ಟ. ಏನೂ ಕಾಣಲಿಲ್ಲ. ಇನ್ನು ಹುಡುಕುವುದೆಂದರೆ ಹಲಗೆಗಳನ್ನೆಲ್ಲ ಬಿಚ್ಚಬೇಕು. ಸೈರನ್ನಿಗೆ ಹತ್ತು ನಿಮಿಷವಿತ್ತು. ಬೆಳಿಗ್ಗೆ ಆರಕ್ಕೆ ಒಂಬತ್ತರ ಮೇಲೆ ಪಾಠ ನಿಗದಿಯಾಗಿತ್ತು.

"ಇಷ್ಟು ದಿನ ಆದ್ಮೇಲೆ ನನ್ನ ಕತ್ತೆ ಕೈಗೆ ಸಿಗ್ತಿದೆ, ಇನ್ನೇನು ಹುಡುಕ್ತೀರಿ ಭಾವ?" ಎಂದ ಭಾವಮೈದ. "ಬಣ್ಣ ಅಂತ ಬರೀರಿ, ಮುಗಿಸಿ."

ತೂಕದಣ್ಣ ಬರೆದ. 'ಬಣ್ಣ, ಧೂಳು: ೬೨೦ ಗ್ರಾಂ.' ಕೆಳಗೆ ಸಹಿ ಹಾಕಿದ. ನಿಯಮದ ಪ್ರಕಾರ ಅದರಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಹನ್ನೆರಡನೇ ದಿನ ಬೆಳಿಗ್ಗೆ ಒಂಬತ್ತನೇ ನಂಬರಿನ ಕತ್ತೆ ಬಿತ್ತು. ಭಾವಮೈದ ವಿಮಾನದ ಮೂಗು ಕೆಳಗೆ ಮಾಡಿ ಇಳಿದು, ಮತ್ತೆ ಎತ್ತುವುದನ್ನು ಶಿಷ್ಯನಿಗೆ ಕಲಿಸುತ್ತಿದ್ದನಂತೆ. ಇಳಿದದ್ದನ್ನು ಕೆಳಗಿದ್ದವರು ನೋಡಿದರು. ಮೂಗು ಮೇಲೇಳಲಿಲ್ಲ. ಖಾಲಿ ಬಯಲಿನಲ್ಲಿ ಬಿದ್ದು ಹೊತ್ತಿಕೊಂಡು, ಜನ ಓಡಿಹೋಗುವಷ್ಟರಲ್ಲಿ ಎರಡೂ ಸೀಟು ಇದ್ದ ಜಾಗದಲ್ಲಿ ಕರಿ ಕಬ್ಬಿಣ ಮಾತ್ರ ಉಳಿದಿತ್ತು. ವಿಚಾರಣೆಯವರು ಮೂರು ತಿಂಗಳು ಕೂತು 'ಕಾರಣ ತಿಳಿದುಬಂದಿಲ್ಲ' ಎಂದು ಬರೆದರು. ತೂಕದ ಹಾಳೆ ನೋಡಿ 'ಸರಿಯಾಗಿದೆ' ಎಂದರು. ಶಿಷ್ಯನಿಗೆ ಇಪ್ಪತ್ತು ವರ್ಷವಾಗಿತ್ತು. ಅವನ ತಾಯಿ ಬಂದು ಅವನ ಟ್ರಂಕು ತೆಗೆದುಕೊಂಡು ಹೋದಳು. ಗೇಟಿನವರೆಗೆ ಅದನ್ನು ಹೊತ್ತವನು ತೂಕದಣ್ಣ. ಹದಿನಾಲ್ಕು ಕಿಲೋ ಇರಬಹುದೆಂದು ಅವನ ಕೈ ತಾನಾಗಿಯೇ ಅಂದಾಜು ಮಾಡಿತು. ಆ ಕೈಯ ಮೇಲೆ ಅವನಿಗೆ ಅಸಹ್ಯ ಹುಟ್ಟಿತು.

ತಂಗಿ ಅಣ್ಣನ ಮನೆಗೆ ಬಂದಳು. ಅವನು ತನ್ನ ಮದುವೆಯ ಮಾತೆತ್ತಿದವರನ್ನೆಲ್ಲ ಸಾಗಹಾಕಿದ. ಮರೆತುಹೋಗಿದ್ದ ಸ್ಪ್ಯಾನರು ಜಾರಿ ಬಾಲ ಆಡಿಸುವ ತಂತಿಗೆ ಸಿಕ್ಕಿಕೊಂಡಿತೋ, ಎಣ್ಣೆ ಡಬ್ಬಿ ಉರುಳಿತೋ ಎಂಬ ಯೋಚನೆ ಮೇಲೆದ್ದಾಗಲೆಲ್ಲ ಅವನು ಅನ್ನದ ತಟ್ಟೆಯ ಮುಂದೆ ಸುಮ್ಮನೆ ಕೂತುಬಿಡುತ್ತಿದ್ದ. ಎದುರಿಗೆ ಅವಳು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಪಾಡು, ನುಂಗಲೂ ಆಗದು, ಉಗುಳಲೂ ಆಗದು. ಶೆಡ್ಡಿನಲ್ಲಿ ಬಾಗಿಲು ಮುಚ್ಚಿ ನಿಶ್ಶಬ್ದವಾದ ಕೂಡಲೇ ಗೋಡೆಗೊರಗಿ ಯಾರೋ ನಿಂತಿದ್ದಾರೆ ಎನಿಸುತ್ತಿತ್ತು. 'ಬಣ್ಣ ಅಂತ ಬರೀರಿ ಭಾವ' ಎಂದು ಕಿವಿಯಲ್ಲೇ ಹೇಳಿದಂತಾಗುತ್ತಿತ್ತು. ಆಮೇಲಿನ ಮೂವತ್ತಮೂರು ವರ್ಷದಲ್ಲಿ, ನೌಕರಿ ಇದ್ದಷ್ಟು ಕಾಲ, ಅವನು ಆ ಕಾಲಮ್ಮಿನಲ್ಲಿ ಒಂದೇ ಒಂದು ಗ್ರಾಂ ಬರೆಯಲಿಲ್ಲ. ಹಲಗೆ ಬಿಚ್ಚಿ ಹುಡುಕುತ್ತಿದ್ದ. ಅಧಿಕಾರಿಗಳು ಬೈದರು, ಜೊತೆಯವರು ತಲೆಕೆಟ್ಟಿದೆ ಎಂದರು. ಹೆಸರು ಬಿದ್ದದ್ದೂ ಆಗಲೇ.

ತಂಗಿಯ ಕಡೆಯೂ ಒಂದು ವಿಚಿತ್ರವಿತ್ತು. ಓಣಿಯವರು ಯಾವ ಬಟ್ಟೆ ತಂದುಕೊಟ್ಟರೂ ಹೊಲಿದುಕೊಡುವಳು, ದಿಂಬು ಮಾತ್ರ ಹೊಲಿಯಳು. "ಹತ್ತಿಯ ಧೂಳು ನನಗಾಗಲ್ಲ" ಎಂದುಬಿಡುವಳು. ಮನೆಯ ಕುರ್ಚಿಗಳೆಲ್ಲ ಬರಿ ಮರದವು. ಧೂಳಿಗೆ ಕೆಮ್ಮು ಬರುತ್ತದೇನೋ ಎಂದು ಅಣ್ಣ ನಂಬಿದ್ದ.

ಈ ವರ್ಷ ಕೊನೆಯ ಕತ್ತೆಯೂ ಹಾರುವುದನ್ನು ನಿಲ್ಲಿಸಿತು. ಅದನ್ನು ಕಾರ್ಖಾನೆಯ ಗೇಟಿನ ಮುಂದೆ ಸಿಮೆಂಟಿನ ಕಂಬದ ಮೇಲೆ ನಿಲ್ಲಿಸುವುದು, ಆ ದಿನ ಒಂದು ಪುಸ್ತಿಕೆ ಹೊರತರುವುದು ಎಂದು ತೀರ್ಮಾನವಾಯಿತು. ಕತ್ತೆಯ ಇತಿಹಾಸ ಬರೆಯಲು ನೇಮಿಸಿದ್ದ ಯುವ ಅಧಿಕಾರಿಣಿ ಒಂದು ಮಧ್ಯಾಹ್ನ ತೂಕದಣ್ಣನ ಮನೆಯ ಮೆಟ್ಟಿಲು ಹತ್ತಿ ಬಂದಳು. ಕಂಕುಳಲ್ಲಿ ಹಳೇ ಹಾಳೆಗಳ ನಕಲುಗಳಿದ್ದವು. ತಂಗಿ ಟೀ ಮಾಡಲು ಒಳಗೆ ಹೋದಳು. ತೂಕದಣ್ಣ ಹುರುಪಿನಿಂದ ಮರದ ಪೆಟ್ಟಿಗೆಗಳ ಕಥೆ, ಹಕ್ಕಿಗೂಡಿನ ಕಥೆ, ಗುಂಡು ಹೊಡೆಯಲು ಕಲಿಯುತ್ತಿದ್ದವನೊಬ್ಬ ಬಟ್ಟೆ ಬಿಟ್ಟು ಹಗ್ಗಕ್ಕೇ ಹೊಡೆದ ಕಥೆ ಎಲ್ಲ ಹೇಳಿದ. ಅವಳು ನಗುತ್ತ ಬರೆದುಕೊಂಡಳು. ಆಮೇಲೆ ಒಂದು ಹಾಳೆ ತೆಗೆದಳು.

"ಇದೊಂದು ಅರ್ಥ ಆಗ್ಲಿಲ್ಲ ಸಾರ್. ಒಂಬತ್ತರ ಕೊನೇ ತೂಕ. ಆರುನೂರ ಇಪ್ಪತ್ತು ಗ್ರಾಂ ಬಣ್ಣ ಅಂತಿದೆ. ಆದರೆ ಆ ಸಲದ ರಿಪೇರಿ ಪಟ್ಟೀಲಿ ಅದಕ್ಕೆ ಬಣ್ಣವೇ ಹೊಡೆದಿಲ್ಲವಲ್ಲ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ತೂಕದಣ್ಣ ಅಡುಗೆಮನೆಯ ಕಡೆ ನೋಡಿದ. "ಹಳೇ ಬಣ್ಣ ಇರಬಹುದಮ್ಮ. ತುಂಬಾ ವರ್ಷ ಆಯ್ತು" ಎಂದ. ಅವಳಿಗೆ ಅಷ್ಟೇ ಸಾಕಾಗಿತ್ತು. "ನಕಲು ನೀವೇ ಇಟ್ಕೊಳ್ಳಿ ಸಾರ್, ನಿಮ್ಮ ಸಹಿ ಇದೆ" ಎಂದು ಕೊಟ್ಟು ಟೀ ಕುಡಿದು ಹೋದಳು. ಅವನು ಹಾಳೆಯನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ.

ತಂಗಿ ಲೋಟ ತೆಗೆಯಲು ಬಂದವಳು ತೆಗೆಯಲಿಲ್ಲ. ಎದುರಿನ ಕುರ್ಚಿಯಲ್ಲಿ ಕೂತಳು.

"ಅಣ್ಣ, ಒಂದು ಮಾತು ಕೇಳ್ತೀನಿ. ಒಂಬತ್ತು ಅಂದಿದ್ದೊಂದು ಒಳಗೆ ಕೇಳಿಸ್ತು, ಮಿಕ್ಕಿದ್ದು ಸ್ಟೌವಿನ ಸದ್ದಲ್ಲಿ ಗೊತ್ತಾಗ್ಲಿಲ್ಲ. ಒಂಬತ್ತನ್ನ ಕೊನೇ ಸಲ ತೂಗಿದ್ದು ನೀನೇ ಅಲ್ವಾ?"

"ಹೂಂ."

"ಅದರೊಳಗೆ ಇರಬಾರದ್ದು ಏನಾದ್ರೂ ಇದ್ದಿದ್ರೆ ನಿನ್ನ ತಕ್ಕಡಿಗೆ ಗೊತ್ತಾಗ್ತಿತ್ತು, ಅಲ್ವಾ?"

"ಯಾಕೆ ಪುಟ್ಟಿ ಈಗ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದಳು. "ನಾನು ಅವರಿಗೆ ಒಂದು ದಿಂಬು ಹೊಲಿದುಕೊಟ್ಟಿದ್ದೆ. ಮುಂದೆ ಕಾಣ್ಲಿ ಅಂತ. ನೀನು ಚೀಲ ಹೊಲಿ ಅಂತ ಕಾರ್ಖಾನೆಯಿಂದ ಸೀಟಿನ ಕ್ಯಾನ್ವಾಸ್ ತುಂಡು ತಂದಿದ್ದೆಯಲ್ಲ, ಅದರಲ್ಲೇ. ಸೀಟಿನ ಬಟ್ಟೆನೇ ಆದ್ರೆ ಯಾರಿಗೂ ಕಾಣಲ್ಲ, ಯಾರೂ ಆಡಿಕೊಳ್ಳಲ್ಲ ಅಂದ್ರು. ನಿನಗೆ ಮಾತ್ರ ಹೇಳಬೇಡ ಅಂದಿದ್ರು, ಭಾವ ಕಾನೂನು ಓದ್ತಾರೆ ಅಂತ. ಸೀಟಿಗೆ ಕಟ್ಟೋಕೆ ನಾಲ್ಕು ದಾರ ಇಟ್ಟಿದ್ದೆ. ಹನ್ನೊಂದನೇ ದಿನ ಸಂಜೆ ಬಂದು, ಒಂದು ದಾರ ಕಿತ್ತುಬಂತು ಕಣೇ ಅಂತ ನಕ್ಕರು. ತಗೊಂಡು ಬನ್ನಿ, ಹೊಲಿದುಕೊಡ್ತೀನಿ ಅಂದೆ. ನಾಳೆ ತರ್ತೀನಿ ಅಂದ್ರು." ಅವಳು ಸೆರಗನ್ನು ಬಿಚ್ಚಿ ಮತ್ತೆ ಸುತ್ತಿಕೊಂಡಳು. "ಆ ದಿಂಬು ಜಾರಿ ಮುಂದೆ ಬಂದು, ವಿಮಾನ ಏರಿಸಿ ಇಳಿಸೋ ಆ ಕೋಲಿಗೆ ಅಡ್ಡ ಆಯ್ತೋ ಏನೋ ಅಂತ ನಾನು ಇಷ್ಟು ವರ್ಷ... ಆದ್ರೆ ಒಂದು ಧೈರ್ಯ ಹೇಳಿಕೊಳ್ತಿದ್ದೆ. ನನ್ನ ಅಣ್ಣ ತೂಗಿದಾನೆ. ದಿಂಬು ಒಳಗಿದ್ದಿದ್ರೆ ಅವನು ಬಿಡ್ತಿರಲಿಲ್ಲ ಅಂತ. ಈಗ ಹೇಳಿಬಿಡು. ಇತ್ತಾ, ಇರಲಿಲ್ವಾ?"

ತೂಕದಣ್ಣನ ಕೈ ಜೇಬಿನ ಪುಸ್ತಕದ ಮೇಲೆ ಹೋಯಿತು. ಹನ್ನೊಂದು ವಸ್ತು ತೂಗಿದ್ದ, ಮನೆಯಲ್ಲಿ ಇಲ್ಲದ ಆ ಒಂದನ್ನು ತೂಗಿರಲಿಲ್ಲ. ಅವತ್ತು ಸೀಟಿನ ಮೇಲೆ ಕಣ್ಣಾಡಿಸಿದಾಗ ಕಣ್ಣೆದುರೇ ಇತ್ತು. ಒಂದು ಸಲ ಕೈಯಿಂದ ಒತ್ತಿ ನೋಡಿದ್ದರೆ ಸಿಗುತ್ತಿತ್ತು. ವಿಮಾನದ ಸಾಮಾನಿನ ಪಟ್ಟಿಯಲ್ಲಿ ಇಲ್ಲದ ವಸ್ತುವೆಂದು ಬೈದು ಮನೆಗೆ ಕಳಿಸುತ್ತಿದ್ದ, ಅವಳ ಗಂಡ ಎರಡು ದಿನ ಮುನಿಸಿಕೊಂಡಿರುತ್ತಿದ್ದ, ಅಷ್ಟೇ. ಜೇಬಿನೊಳಗಿನ ಹಾಳೆ ಎದೆಗೆ ಚುಚ್ಚಿದಂತಾಯಿತು. ಈ ಭಾರ ನನ್ನೊಬ್ಬನಿಗೇ ಇರಲಿ, ಇವಳಾದರೂ ಹಗುರಾಗಲಿ ಎಂದುಕೊಂಡ.

"ಇರಲಿಲ್ಲ ಪುಟ್ಟಿ" ಎಂದ. "ಗುಲಗಂಜಿಯಷ್ಟೂ ಹೆಚ್ಚಿರಲಿಲ್ಲ. ಇದ್ದಿದ್ರೆ ನಾನು ಬಿಡ್ತಿದ್ನಾ?"

ಅವಳು ಉಸಿರು ಬಿಟ್ಟು, ಅತ್ತು, ಎದ್ದು ಲೋಟ ತೊಳೆಯಲು ಹೋಗುತ್ತಾಳೆ ಎಂದು ಅವನು ಕಾದ. ಅವಳು ಅಳಲಿಲ್ಲ. ಮುಖ ಬಿಳಿಚಿಕೊಂಡಿತು.

"ಹಾಗಾದ್ರೆ ಅವರು ಅದನ್ನ ಒಯ್ದೇ ಇರಲಿಲ್ಲ" ಎಂದಳು. "ನೀನು ತೂಗೋ ಮೊದಲೇ ಕಟ್ಟಿ ಬಂದಿದೀನಿ ಅಂದಿದ್ರು. ದಿನಾ ಸಂಜೆ ಬಂದು ಹೇಳೋರು, ನಿನ್ನ ದಿಂಬಿನ ಮೇಲೆ ಕೂತು ಇವತ್ತು ರೈಲು ನೋಡಿದೆ, ಇವತ್ತು ನಮ್ಮ ಮನೆ ತಾರಸಿ ಮೇಲೆ ನಿನ್ನ ಸೀರೆ ಒಣಗ್ತಿದ್ದದ್ದು ನೋಡಿದೆ ಅಂತ. ಹನ್ನೊಂದು ಸಂಜೆ. ಆ ಹನ್ನೊಂದೂ ನನಗೆ ಬಾಯಿಪಾಠ ಅಣ್ಣ. ಅದರ ಮೇಲೇ ನಾನು ಇಷ್ಟು ದಿನ ಬದುಕಿದ್ದು. ಎಲ್ಲ ಸುಳ್ಳಾ? ಎಲ್ಲಿ ಬಿಸಾಕಿದ್ರು ನನ್ನ ದಿಂಬನ್ನ? ಯಾರಿಗೆ ಕೊಟ್ರು?"

ಅವನು ಬೆಪ್ಪಾಗಿ ನೋಡಿದ. ಒಳ್ಳೆಯದು ಮಾಡಲು ಹೋಗಿ, ಸತ್ತವನನ್ನು ಇನ್ನೊಮ್ಮೆ ಕಿತ್ತುಕೊಂಡಿದ್ದ. ಅವಳಿಗೆ ಆ ದಿಂಬು ಭಯವೂ ಹೌದು, ಆಸರೆಯೂ ಹೌದು ಎಂಬುದು ಅವನ ಯಾವ ಲೆಕ್ಕದಲ್ಲೂ ಇರಲಿಲ್ಲ. ಜೇಬಿಗೆ ಕೈ ಹಾಕಿ ಹಾಳೆ ತೆಗೆದು, ಬಿಡಿಸಿ ಅವಳ ಮುಂದಿಟ್ಟ.

"ಇತ್ತು. ಆರುನೂರ ಇಪ್ಪತ್ತು ಗ್ರಾಂ ಹೆಚ್ಚಿತ್ತು. ನಾನು ಸರಿಯಾಗಿ ಹುಡುಕಲಿಲ್ಲ. ಬಣ್ಣ ಅಂತ ಬರೆದೆ."

ಅವಳು ಓದಿದಳು. ಬೆರಳಿಟ್ಟು ಮತ್ತೊಮ್ಮೆ ಓದಿದಳು. "ಯಾಕೆ ಬರೆದೆ?"

"ಅವನೇ ಅಂದ, ಬಣ್ಣ ಅಂತ ಬರೀರಿ ಭಾವ ಅಂತ. ನನಗೂ ಮನೆಗೆ ಹೋಗೋ ಆತುರ ಇತ್ತು. ಅವನು ಅಂದಿದ್ದು ನೆಪ. ಬರೆದ ಕೈ ನಂದು."

"ಮೂವತ್ತಮೂರು ವರ್ಷ" ಎಂದಳು ಅವಳು. "ಎದುರೆದುರು ಕೂತು ಉಂಡಿದೀವಿ." ಅವಳಿಗೆ ಸಿಟ್ಟು ಬಂದಿತ್ತು. ಅವಳ ಅಂಥ ಸಿಟ್ಟನ್ನು ಅವನು ಹಿಂದೆಂದೂ ಕಂಡಿರಲಿಲ್ಲ. "ಈಗಷ್ಟೇ ಇರಲಿಲ್ಲ ಅಂದೆ. ನಾನು ಮುಖ ಸಣ್ಣದು ಮಾಡಿದ ತಕ್ಷಣ ಇತ್ತು ಅಂತೀಯ. ಯಾವುದನ್ನ ನಂಬ್ಲಿ? ಈ ಕಾಗದದಲ್ಲಿ ದಿಂಬು ಅಂತ ಎಲ್ಲಿದೆ? ಯಾರೋ ಬಿಟ್ಟ ಸ್ಪ್ಯಾನರೂ ಆಗಿರಬಹುದು."

ಅವನನ್ನು ಇಷ್ಟು ವರ್ಷ ಕಾಡಿದ ಪ್ರಶ್ನೆಯೇ ಅದು.

ಅವಳು ಎದ್ದುಹೋಗಿ ಮಂಚದ ಕೆಳಗಿನ ಟ್ರಂಕು ಎಳೆದಳು. ತಳದಿಂದ ಹಸಿರು ಕ್ಯಾನ್ವಾಸಿನ ಒಂದು ತುಂಡು, ಪೇಪರಿನಲ್ಲಿ ಕತ್ತರಿಸಿದ ಒಂದು ಅಳತೆ ತೆಗೆದಳು. ದಿಂಬಿನ ಅಳತೆ. ಅಣ್ಣನ ಕಡೆ ತಿರುಗದೆ, "ಅರ್ಧ ಕೇಜಿ ಹತ್ತಿ ತಗೊಂಡು ಬಾ" ಎಂದಳು. "ಅವತ್ತು ಹಾಕಿದ್ದೂ ಅರ್ಧ ಕೇಜಿನೇ."

ಮಾರನೆಯ ದಿನವೆಲ್ಲ ಹೊಲಿಗೆ ಯಂತ್ರ ಓಡಿತು. ಅವನು ಬಾಗಿಲ ಬಳಿ ಕೂತು, ಕೆಳಗಿನ ಅಂಗಡಿಯವರು ಟೈರಿಗೆ ಗಾಳಿ ತುಂಬುವ ಸದ್ದು ಕೇಳುತ್ತಿದ್ದ. ಮುಳ್ಳು ಎಲ್ಲಿ ನಿಂತರೆ ತನಗೆ ಒಳ್ಳೆಯದು ಎಂದು ಯೋಚಿಸಿದ. ಬೇರೆ ಎಲ್ಲೋ ನಿಂತರೆ, ಒಳಗಿದ್ದದ್ದು ಯಾರದೋ ಸ್ಪ್ಯಾನರು, ಅವಳ ದಿಂಬಿನ ತಪ್ಪಿಲ್ಲ, ಆದರೆ ಅವಳ ಗಂಡ ಸುಳ್ಳುಗಾರ. ಆರುನೂರ ಇಪ್ಪತ್ತಕ್ಕೇ ನಿಂತರೆ ಗಂಡ ಅವಳಿಗೆ ಉಳಿಯುತ್ತಾನೆ, ಜೊತೆಗೆ ಕಿತ್ತುಬಂದ ಆ ದಾರವೂ ಉಳಿಯುತ್ತದೆ. ತನ್ನ ತಪ್ಪು ಎರಡರಲ್ಲೂ ಅಷ್ಟೇ ಇತ್ತು. ಮೂವತ್ತಮೂರು ವರ್ಷದಲ್ಲಿ ಮೊದಲ ಬಾರಿಗೆ ಅವನು ತನಗೋಸ್ಕರ ಏನನ್ನೂ ಬೇಡಿಕೊಳ್ಳಲಿಲ್ಲ.

ಸಂಜೆಯ ಬೆಳಕು ಇನ್ನೂ ಇರುವಾಗಲೇ ಅವಳು ಕೊನೆಯ ಕಟ್ಟುದಾರ ಹೊಲಿದು ನೂಲನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡಿದಳು. ನಾಲ್ಕನ್ನೂ ಒಂದೊಂದಾಗಿ ಎಳೆದು ನೋಡಿದಳು. ಆಮೇಲೆ ಎದ್ದು ಕಿಟಕಿ ಮುಚ್ಚಿದಳು. ತೂಗುವಾಗ ಗಾಳಿ ಇರಬಾರದೆಂದು ಅವಳಿಗೂ ಗೊತ್ತಿತ್ತು. ಅಣ್ಣನ ಮಾತು ಕೇಳಿ ಕೇಳಿ ಕಲಿತದ್ದು. ದಿಂಬನ್ನು ತಟ್ಟೆಯ ಮೇಲಿಟ್ಟು ಗೋಡೆಯ ಕಡೆ ತಿರುಗಿ ನಿಂತಳು.

"ಓದು" ಎಂದಳು. "ಸುಳ್ಳು ಹೇಳಿದ್ರೆ ನನ್ನಾಣೆ."

ಮುಳ್ಳು ಮೇಲೆ ಹೋಗಿ, ಹಿಂದೆ ಬಂದು, ಸ್ವಲ್ಪ ಅಲ್ಲಾಡಿತು. ತೂಕದಣ್ಣ ಕನ್ನಡಕ ಸರಿಮಾಡಿಕೊಂಡು, ನಡುಬಗ್ಗಿಸಿ ಕಣ್ಣನ್ನು ಗಾಜಿನ ಮಟ್ಟಕ್ಕೆ ತಂದು, ಕಾರ್ಖಾನೆಯಲ್ಲಿ ಓದುತ್ತಿದ್ದ ಧಾಟಿಯಲ್ಲೇ ಓದಿದ.

"ಆರುನೂರ ಇಪ್ಪತ್ತು."

ಅವಳು ತಿರುಗಿ ಬಂದು ತಾನೇ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. "ಕೂತಿದ್ರು" ಎಂದಳು. "ಅದರ ಮೇಲೇ ಕೂತಿದ್ರು." ಆಮೇಲೆ ಅಲ್ಲೇ ನೆಲದ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. ತೂಕದಣ್ಣ ಪಕ್ಕದಲ್ಲಿ ಕೂತ. ಅವಳನ್ನು ಮುಟ್ಟಲು ಅವನಿಗೆ ಧೈರ್ಯ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಕೈ ಚಾಚಿ ಅವನ ಅಂಗಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ನಿನ್ನನ್ನ ಕ್ಷಮಿಸಿದೀನಿ ಅಂತ ಅಂದುಕೊಳ್ಳಬೇಡ" ಎಂದಳು.

"ಇಲ್ಲ ಪುಟ್ಟಿ."

"ನನ್ನನ್ನೂ ನಾನು ಕ್ಷಮಿಸಿಕೊಂಡಿಲ್ಲ."

ಗೇಟಿನ ಮುಂದೆ ಕತ್ತೆಯನ್ನು ನಿಲ್ಲಿಸಿದ ದಿನ ಇಬ್ಬರೂ ಹೋಗಲಿಲ್ಲ. ಅಧಿಕಾರಿಣಿ ಪುಸ್ತಿಕೆ ಕಳಿಸಿಕೊಟ್ಟಳು. ಒಂಬತ್ತರ ಮುಂದೆ 'ಕಾರಣ ತಿಳಿದುಬಂದಿಲ್ಲ' ಎಂದೇ ಅಚ್ಚಾಗಿತ್ತು. ತೂಕದಣ್ಣ ಜೇಬಿನ ಪುಸ್ತಕದಲ್ಲಿ ಹನ್ನೆರಡನೇ ವಸ್ತುವನ್ನು ಬರೆಯಲಿಲ್ಲ. ಅವನು ಈಗ ಏನನ್ನೂ ತೂಗುವುದಿಲ್ಲ, ತೂಗಲು ತಕ್ಕಡಿ ಖಾಲಿಯಿಲ್ಲ. ಆ ದಿಂಬನ್ನು ತಟ್ಟೆಯಿಂದ ಇಳಿಸಲು ಅವಳು ಬಿಟ್ಟಿಲ್ಲ, ಅವನು ಕೇಳಿಯೂ ಇಲ್ಲ. ಹತ್ತಿ ಗಾಳಿಯ ತೇವ ಹೀರುತ್ತದೆ. ಮೋಡ ಕವಿದ ದಿನ ಮುಳ್ಳು ಆರುನೂರ ಮೂವತ್ತರ ಹತ್ತಿರ ಹೋಗುತ್ತದೆ, ಬಿಸಿಲು ಬಂದರೆ ಮತ್ತೆ ಇಳಿಯುತ್ತದೆ. ಬೆಳಿಗ್ಗೆ ಎದ್ದವಳು ಮೊದಲು ಹೋಗಿ ಅದನ್ನು ನೋಡುತ್ತಾಳೆ.

"ಎಷ್ಟಿದಾರೆ ಇವತ್ತು?" ಎಂದು ಹಾಸಿಗೆಯಿಂದಲೇ ಕೇಳುತ್ತಾನೆ ಅಣ್ಣ.

ಅವಳು ಓದಿ ಹೇಳುತ್ತಾಳೆ.